ಗೂಡಿಗೂ ಒಂದು ಪರ್ದಾ

ಹೊಸಪೇಟೆಯ ಸುತ್ತಲಿನ ಕಲ್ಲುಗುಡ್ಡಗಳಿಗೂ ವಸಂತ ಬರುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ಫೆಬ್ರವರಿ ಮುಗಿಯುವ ಹೊತ್ತಿಗೇ ಬಂಡೆಗಳು ಕಾಯತೊಡಗುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ನೆತ್ತಿ ಸುಡುತ್ತದೆ. ಆದರೆ ಸೂರ್ಯ ಏರುವ ಮೊದಲಿನ ಎರಡು ತಾಸು ಈ ನೆಲದಲ್ಲಿ ನಡೆಯುವುದೇ ಬೇರೆ. ಬೇವಿನ ತುದಿಗಳಲ್ಲಿ ತಾಮ್ರದ ಬಣ್ಣದ ಚಿಗುರು ಕಾಣುತ್ತದೆ. ಒಣಗಿ ನಿಂತಿದ್ದ ಹೊಂಗೆ ಒಂದೇ ವಾರದಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಕಮಲಾಪುರದ ಕೆರೆಯ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತದೆ. ಗಂಡು ಸೂರಕ್ಕಿ ಮದುಮಗನ ಹಾಗೆ ನೀಲಿ ಕಪ್ಪು ಬಣ್ಣದಲ್ಲಿ ಮಿನುಗುತ್ತ ಹೂವಿನಿಂದ ಹೂವಿಗೆ ಹಾರುತ್ತದೆ. ಮಾವಿನ ತೋಪಿನಲ್ಲಿ ಕೋಗಿಲೆ ಕೂಗುತ್ತದೆ. ಹಾಗೆ ಕೂಗುವುದು ಗಂಡು. ಹೆಣ್ಣು ಆ ಹೊತ್ತಿನಲ್ಲಿ ಕಾಗೆಯ ಗೂಡಿನ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತಿರುತ್ತದೆ.

ಇದನ್ನು ನೋಡಲೆಂದೇ ನಾವು ನಾಲ್ವರು ಗೆಳೆಯರು ಹಲವು ವರ್ಷಗಳಿಂದ ಭಾನುವಾರಗಳಂದು ಹೊರಡುತ್ತೇವೆ. ಮಸೀದಿಯಲ್ಲಿ ಫಜರ್ ಮುಗಿಸಿ ಬರುವವರು ಇಬ್ಬರು, ತುಳಸಿಗೆ ನೀರು ಹಾಕಿ ಬರುವವರು ಇಬ್ಬರು. ನಾಲ್ವರ ಹೆಗಲಲ್ಲೂ ಕ್ಯಾಮೆರಾ. ರೀಲು ಹಾಕುತ್ತಿದ್ದ ಕಾಲದಲ್ಲಿ ಮೂವತ್ತಾರು ಚಿತ್ರಕ್ಕೆ ಒಂದು ರೋಲು ಮುಗಿಯುತ್ತಿತ್ತು. ಪ್ರತಿ ಸಲ ಗುಂಡಿ ಒತ್ತುವಾಗಲೂ ಕೈ ಹಿಂಜರಿಯುತ್ತಿತ್ತು. ಈಗ ಒಂದು ಬೆಳಗಿನಲ್ಲಿ ಸಾವಿರ ಚಿತ್ರ ತೆಗೆದರೂ ಕಾಸು ಖರ್ಚಾಗುವುದಿಲ್ಲ. ಖರ್ಚಿಲ್ಲದಿದ್ದಾಗ ಹಿಂಜರಿಕೆಯೂ ಇರುವುದಿಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು.

2019ರ ಮಾರ್ಚ್ ತಿಂಗಳ ಒಂದು ಭಾನುವಾರ. ಕೆರೆಯ ಹಿಂದಿನ ಕುರುಚಲಿನಲ್ಲಿ, ಒಂದು ಕಾರೆಯ ಪೊದೆಯೊಳಗೆ, ಸೊಂಟದೆತ್ತರಕ್ಕೆ ಪಿಕಳಾರದ ಗೂಡು ಕಂಡಿತು. ಬೇರು ನಾರುಗಳಿಂದ ಹೆಣೆದ ಪುಟ್ಟ ಬಟ್ಟಲು, ಅದರೊಳಗೆ ಬಾಯಿ ತೆರೆದ ಮೂರು ಮರಿಗಳು. ಹುಳ ಕಚ್ಚಿಕೊಂಡು ಬಂದ ತಾಯಿ ನಮ್ಮನ್ನು ಕಂಡು ಪಕ್ಕದ ಜಾಲಿಯ ಮೇಲೆ ಕೂತು ಕಿರಿಚುತ್ತಿತ್ತು. ಚಿತ್ರಕ್ಕೆ ಎರಡು ಮುಳ್ಳಿನ ರೆಂಬೆಗಳು ಅಡ್ಡ ಬರುತ್ತಿದ್ದವು. ನಮ್ಮಲ್ಲೊಬ್ಬರು ಆ ರೆಂಬೆಗಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ದಾರದಿಂದ ಕಟ್ಟಿದರು. ಯಾರು ಕಟ್ಟಿದರು ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಉಳಿದ ಮೂವರೂ ಬೇಡ ಎನ್ನಲಿಲ್ಲ. ಬೆಳಕು ನೇರವಾಗಿ ಗೂಡಿನ ಮೇಲೆ ಬಿತ್ತು. ನಾವು ದೂರ ಸರಿದು ಕಾದೆವು. ಹಸಿದ ಮರಿಗಳ ಸದ್ದು ಕೇಳಲಾರದೆ ತಾಯಿ ಬಂತು, ಉಣಿಸಿತು. ಅರ್ಧ ಗಂಟೆಯಲ್ಲಿ ನಮ್ಮ ಜೀವಮಾನದ ಅತ್ಯುತ್ತಮ ಚಿತ್ರ ಸಿಕ್ಕಿತು. ಆ ಖುಷಿಯಲ್ಲಿ ಚಹಾ ಕುಡಿಯಲು ಹೋದೆವು. ದಾರ ಬಿಚ್ಚುವುದು ಮರೆತೆವು.

ಎರಡು ದಿನ ಬಿಟ್ಟು ಹೋದಾಗ ಗೂಡು ಬರಿದಾಗಿತ್ತು. ಒಂದು ಪಕ್ಕಕ್ಕೆ ವಾಲಿತ್ತು. ಕಾಗೆಯ ಕೆಲಸವೋ, ಕೆಂಬೂತದ ಕೆಲಸವೋ, ಹಾವು ಬಂದಿತ್ತೋ ಹೇಳುವವರು ಯಾರೂ ಇರಲಿಲ್ಲ. ರೆಂಬೆಗಳು ಮಾತ್ರ ನಾವು ಕಟ್ಟಿದ ಹಾಗೆಯೇ ಇದ್ದವು. ದಾರದ ಗಂಟು ಬಿಗಿಯಾಗಿತ್ತು.

ಆ ಚಿತ್ರವನ್ನು ನೋಡಿದವರೆಲ್ಲ ಹೊಗಳಿದರು. ಊರಿನ ಒಂದು ಸಂಸ್ಥೆಯವರು ಕೇಳಿ ಪಡೆದು ತಮ್ಮ 2020ರ ಕ್ಯಾಲೆಂಡರಿನ ಏಪ್ರಿಲ್ ಹಾಳೆಯ ಮೇಲೆ ಅಚ್ಚು ಹಾಕಿಸಿದರು. ಕೆಳಗೆ ‘ತಾಯಿಯ ಮಮತೆ’ ಎಂದು ಬರೆಸಿದರು. ಅಷ್ಟು ಹೊತ್ತಿಗೆ ಆ ಮರಿಗಳು ಇಲ್ಲವಾಗಿ ಒಂಬತ್ತು ತಿಂಗಳು ಕಳೆದಿದ್ದವು. ಮರಿಗಳು ಏನಾದವು ಎಂದು ಒಬ್ಬರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಅಂದಿನಿಂದ ನಮ್ಮೊಳಗೆ ಒಂದು ವಾದ ನಡೆಯುತ್ತಲೇ ಇದೆ. ಪಿಕಳಾರದ ಗೂಡುಗಳು ಹೇಗೂ ಬಹಳಷ್ಟು ಹಾಳಾಗುತ್ತವೆ, ನಾವು ಹೋಗದಿದ್ದರೂ ಕಾಗೆ ಬರುತ್ತಿತ್ತು ಎಂದು ಒಬ್ಬರು ಹೇಳುತ್ತಾರೆ. ಇರಬಹುದು. ಪ್ರಕೃತಿಯೇನೂ ದಯೆಯ ಕಣಜವಲ್ಲ. ಆದರೆ ಕಾಗೆಯ ಹಸಿವಿಗೆ ಕಾಗೆ ಉತ್ತರ ಕೊಡಬೇಕಿಲ್ಲ. ರೆಂಬೆ ಕಟ್ಟಿದ ಕೈ ಉತ್ತರ ಕೊಡಬೇಕು. ಆ ಮುಳ್ಳು ಅಲ್ಲಿದ್ದದ್ದು ನಮ್ಮ ಚಿತ್ರ ಕೆಡಿಸಲಿಕ್ಕಲ್ಲ. ಅದು ಆ ಮನೆಯ ಬಾಗಿಲು. ನಾವು ಬಾಗಿಲು ಕಿತ್ತು, ಹೋಗುವಾಗ ತೆರೆದಿಟ್ಟು ಬಂದೆವು. ಸುಂದರವಾದದ್ದನ್ನು ನೋಡುವ ಆಸೆ ತಪ್ಪೇ? ಅಲ್ಲವಾದರೆ, ನೋಡುವುದಕ್ಕೂ ಒಂದು ಹಕ್ಕು ಬೇಕೇ? ಆ ಹಕ್ಕನ್ನು ಕೊಡುವವರು ಯಾರು?

ಉರ್ದು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ವಸಂತ ಎಂದರೆ ಮೊದಲು ನೆನಪಾಗುವುದು ‘ಬಹಾರ್’. ಗಜಲಿನ ಬಹಾರ್ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆ ಗುಲ್ ಬರುತ್ತದೆ, ಬುಲ್‌ಬುಲ್ ಬರುತ್ತದೆ, ‘ಆಶಿಯಾನ್’ ಎಂಬ ಗೂಡು ಬರುತ್ತದೆ, ಅವುಗಳ ಬೆನ್ನಿಗೇ ‘ಸಯ್ಯಾದ್’ ಎಂಬ ಬೇಟೆಗಾರ ಬಲೆ ಹೊತ್ತು ಬರುತ್ತಾನೆ. ಪಾರಸಿ ಕವಿಗಳ ಬುಲ್‌ಬುಲ್ ಬೇರೆ ಹಕ್ಕಿ. ನಮ್ಮ ಮೌಲವಿ ಸಾಹೇಬರು ಮಾತ್ರ ಕಿಟಕಿಯಾಚೆಯ ಪಿಕಳಾರವನ್ನೇ ತೋರಿಸಿ ಪಾಠ ಮಾಡುತ್ತಿದ್ದರು. ಇಕ್ಬಾಲರು ಮಕ್ಕಳಿಗಾಗಿ ಬರೆದ ‘ಪರಿಂದೆ ಕಿ ಫರಿಯಾದ್’ನಲ್ಲಿ ಪಂಜರದ ಹಕ್ಕಿ ದೂರು ಹೇಳುತ್ತದೆ. ಅದನ್ನು ಓದುವಾಗ ನಾವೆಲ್ಲ ಹಕ್ಕಿಯ ಪಕ್ಷದಲ್ಲೇ ಇದ್ದೆವು. ಸಯ್ಯಾದ್ ಎಂದರೆ ಬೇರೆ ಯಾರೋ ಎಂದುಕೊಂಡಿದ್ದೆವು. ಕ್ಯಾಮೆರಾದ ಭಾಷೆಯನ್ನು ಈಗ ಗಮನಿಸಿದರೆ ಮುಜುಗರವಾಗುತ್ತದೆ. ಚಿತ್ರ ತೆಗೆಯುವುದು ‘ಶೂಟ್’. ಹಕ್ಕಿ ಸಿಕ್ಕರೆ ‘ಹೊಡೆದೆ’ ಎನ್ನುತ್ತೇವೆ, ಸಿಗದಿದ್ದರೆ ‘ತಪ್ಪಿತು’ ಎನ್ನುತ್ತೇವೆ.

ನಮ್ಮ ಹಳೆಯ ಮನೆಯ ಗೋಡೆಯಲ್ಲಿ ಕಾಬಾದ ಚಿತ್ರಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದರು. ಮನುಷ್ಯರ ಫೋಟೋ ಆ ಮನೆಯಲ್ಲಿ ಒಂದೂ ಇರಲಿಲ್ಲ. ಆ ಚೌಕಟ್ಟಿನ ಹಿಂದೆ ಪ್ರತಿ ವರ್ಷ ಗುಬ್ಬಿ ಗೂಡು ಕಟ್ಟುತ್ತಿತ್ತು. ಹುಲ್ಲು ಕಸ ನೆಲಕ್ಕೆ ಉದುರಿದರೂ ದಾದಿ ಬೈಯುತ್ತಿರಲಿಲ್ಲ. ಮರಿಗಳು ಹಾರುವ ತನಕ ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ನಾವು ಸ್ಟೂಲು ಹತ್ತಿ ಇಣುಕಲು ಹೋದರೆ, “ನಕ್ಕೊ ಝಾಂಕೊ ರೇ ಬಾವಾ, ಉಸ್ಕಾ ಬೀ ಪರ್ದಾ ರಹತಾ” ಎನ್ನುತ್ತಿದ್ದರು. ಇಣುಕಬೇಡ ಮಗು, ಅದಕ್ಕೂ ಒಂದು ಪರ್ದಾ ಇರುತ್ತದೆ ಎಂದು. ಮಕ್ಕಳನ್ನು ಸುಮ್ಮನಿರಿಸುವ ಮಾತು ಎಂದು ನಾವು ತಿಳಿದಿದ್ದೆವು.

1990ರ ದಶಕದಲ್ಲಿ ಮತದಾರರ ಗುರುತಿನ ಚೀಟಿಗಾಗಿ ದಾದಿ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ಕೂತರು. ಜೀವವಿರುವುದರ ತಸ್ವೀರ್ ಮಾಡುವುದು ಸರಿಯಲ್ಲ ಎಂದು ನಂಬಿ ಬೆಳೆದವರು ಅವರು. ಅದರ ಬಗ್ಗೆ ಉಲಮಾಗಳಲ್ಲಿ ಬಹುಕಾಲದ ಜಿಜ್ಞಾಸೆಯಿದೆ. ಕೈಯಿಂದ ಬರೆದ ಚಿತ್ರ ಬೇರೆ, ಕ್ಯಾಮೆರಾ ಕನ್ನಡಿಯಂತೆ ನೆರಳನ್ನು ಹಿಡಿಯುತ್ತದೆ ಅಷ್ಟೆ ಎಂದು ಹಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಹಜ್ಜಿನ ಪಾಸ್‌ಪೋರ್ಟಿಗೂ ಫೋಟೋ ಬೇಕು ಎಂದಾದ ಮೇಲೆ ವಾದದ ಬಿಸಿ ತಾನಾಗಿ ಆರಿತು. ದಾದಿ ಮಾತ್ರ ಈ ಯಾವ ವಾದವನ್ನೂ ಎತ್ತಲಿಲ್ಲ. ಫೋಟೋ ತೆಗೆದು ಮುಗಿದ ಮೇಲೆ, ಇದು ಯಾರ ಹತ್ತಿರ ಇರುತ್ತದೆ ಎಂದು ಒಂದೇ ಪ್ರಶ್ನೆ ಕೇಳಿದರು. ನಾವು ನಕ್ಕೆವು.

ಕ್ಯಾಲೆಂಡರಿನ ಆ ಏಪ್ರಿಲ್ ತಿಂಗಳಲ್ಲಿ ನಮಗೆ ಆ ಪ್ರಶ್ನೆಯ ಅರ್ಥವಾಯಿತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಮನೆಯೊಳಗಿತ್ತು. ದೆಹಲಿಯ ನಿಜಾಮುದ್ದೀನಿನ ಸುದ್ದಿ ಟೀವಿಗಳಿಗೆ ಸಿಕ್ಕ ಮೇಲೆ ಕ್ಯಾಮೆರಾಗಳು ಮುಸ್ಲಿಮರ ಓಣಿಗಳತ್ತ ತಿರುಗಿದವು. ತರಕಾರಿ ಮಾರುವವರನ್ನು, ಔಷಧಿಗೆ ಹೊರಟವರನ್ನು, ಟೋಪಿ ಹಾಕಿದವರನ್ನು ಎಲ್ಲೋ ನಿಂತ ಯಾರೋ ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸುತ್ತಿದ್ದರು. ಆ ಚಿತ್ರ ಯಾರ ಹತ್ತಿರ ಇರುತ್ತದೆ, ಅದರ ಕೆಳಗೆ ಯಾವ ಮಾತು ಬರೆಯುತ್ತಾರೆ ಎಂಬುದು ಚಿತ್ರದಲ್ಲಿದ್ದವರ ಕೈಯಲ್ಲಿರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತ ನಮ್ಮೆದುರಿನ ಗೋಡೆಯ ಮೇಲೆ ಆ ಪಿಕಳಾರದ ಗೂಡಿತ್ತು, ‘ತಾಯಿಯ ಮಮತೆ’ ಇತ್ತು. ಹಕ್ಕಿಯ ಸಂಕಟಕ್ಕೂ ಮನುಷ್ಯರ ಸಂಕಟಕ್ಕೂ ಹೋಲಿಕೆ ಮಾಡುವುದು ಅತಿಯಾಯಿತು ಎಂದು ಓದುಗರು ಹೇಳಬಹುದು. ನಾವು ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ದೂರದಿಂದ, ಕೇಳದೆ, ತನ್ನ ಇಷ್ಟಕ್ಕೆ ನೋಡುವ ಕಣ್ಣಿನ ಎದುರು ಇರುವುದು ಎಂದರೇನು ಎಂಬುದನ್ನು ಆ ತಿಂಗಳು ಕಲಿತೆವು ಎಂದಷ್ಟೇ ಹೇಳುತ್ತಿದ್ದೇವೆ. ತಾನು ಕಲಿತ ಪಾಠವನ್ನು ತನಗಿಂತ ದುರ್ಬಲರ ವಿಷಯದಲ್ಲಿ ಮರೆಯುವವನಿಗೆ ದೂರು ಹೇಳುವ ಹಕ್ಕು ಕಡಿಮೆಯಾಗುತ್ತದೆ.

ಆ ಬಿಡುವಿನಲ್ಲಿ ಕುರ್‌ಆನಿನ ಸೂರಃ ಅನ್ನೂರ್ ಮತ್ತೆ ಓದಿದೆವು. ಪರರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬಾರದು ಎಂಬ ಆದೇಶ ಅದರ ಇಪ್ಪತ್ತೇಳನೆಯ ಸೂಕ್ತದಲ್ಲಿದೆ. ಮೂವತ್ತನೆಯದರಲ್ಲಿ ದೃಷ್ಟಿಯನ್ನು ತಗ್ಗಿಸಬೇಕೆಂಬ ಮಾತಿದೆ. ಪರ್ದಾ ಎಂದೊಡನೆ ಹೆಂಗಸರ ಬಟ್ಟೆಯನ್ನೇ ಅಳೆಯಲು ಹೊರಡುವ ನಮ್ಮವರೂ ಹೊರಗಿನವರೂ ಒಂದನ್ನು ಗಮನಿಸಬೇಕು. ಆ ಮಾತು ಅಲ್ಲಿ ಮೊದಲು ಗಂಡಸರನ್ನು ಕುರಿತದ್ದು, ಹೆಂಗಸರನ್ನು ಕುರಿತ ಮಾತು ಅದರ ಮುಂದಿನದು. ಅದೇ ಸೂರಃದ ನಲವತ್ತೊಂದನೆಯ ಸೂಕ್ತದಲ್ಲಿ ರೆಕ್ಕೆ ಹರಡಿದ ಹಕ್ಕಿಗಳು ಬರುತ್ತವೆ. ಅವುಗಳಲ್ಲಿ ಪ್ರತಿಯೊಂದಕ್ಕೂ ತನ್ನ ಪ್ರಾರ್ಥನೆ ಗೊತ್ತಿದೆ ಎಂಬ ಅರ್ಥದ ಮಾತು ಅಲ್ಲಿದೆ. ಮನೆ, ಕಣ್ಣು, ಹಕ್ಕಿ ಮೂರೂ ಒಂದೇ ಸೂರಃದಲ್ಲಿವೆ. ವ್ಯಾಖ್ಯಾನಕಾರರು ಇವನ್ನು ಹೀಗೆ ಜೋಡಿಸಿದ್ದಾರೆ ಎಂದು ನಾವು ಹೇಳುವುದಿಲ್ಲ, ನಾವು ಆಲಿಮರೂ ಅಲ್ಲ. ಕಥೆ ಬರೆಯುವವರ ಕಣ್ಣಿಗೆ ಅವು ಅಕ್ಕಪಕ್ಕದಲ್ಲಿ ಕಂಡವು.

ಬುಖಾರಿಯ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಒಬ್ಬಾತ ಪ್ರವಾದಿ(ಸ)ಯವರ ಮನೆಯೊಳಗೆ ರಂಧ್ರದಿಂದ ಇಣುಕುತ್ತಾನೆ. ಅನುಮತಿ ಕೇಳುವ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂದು ಪ್ರವಾದಿಯವರು ಅವನಿಗೆ ತಿಳಿಸುತ್ತಾರೆ. ಕಾಲು ಹೊಸ್ತಿಲು ದಾಟದಿದ್ದರೂ ಕಣ್ಣು ದಾಟಿದರೆ ಮನೆ ಹೊಕ್ಕಂತೆಯೇ. ನಮ್ಮ ಉದ್ದ ಲೆನ್ಸಿನ ಬಗ್ಗೆ ಇದಕ್ಕಿಂತ ನೇರವಾದ ಮಾತು ಬೇಕೇ? ಅಬೂದಾವೂದ್ ಸಂಗ್ರಹದ ಇನ್ನೊಂದು ಪ್ರಸಂಗ ನಮ್ಮನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ಪ್ರಯಾಣದ ನಡುವೆ ಸಂಗಾತಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿರುತ್ತಾರೆ. ತಾಯಿ ಬಂದು ರೆಕ್ಕೆ ಬಡಿಯುತ್ತ ಮೇಲೆ ಸುತ್ತುತ್ತದೆ. ಪ್ರವಾದಿಯವರು ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ ಮರಿಗಳನ್ನು ಹಿಂದಿರುಗಿಸಲು ಹೇಳುತ್ತಾರೆ. ಆ ಸಂಗಾತಿಗಳಿಗೆ ಹಿಂದಿರುಗಿಸಲು ಮರಿಗಳಾದರೂ ಇದ್ದವು.

ಹಾಗಾದರೆ ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಬೇಕೇ? ಅದೂ ಅವಸರದ ತೀರ್ಪು. ಹಕ್ಕಿಯ ಮೇಲಿನ ಪ್ರೀತಿ ಬಹಳ ಜನರಿಗೆ ಬೇಟೆಯ ದಾರಿಯಿಂದಲೇ ಬಂದಿದೆ. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸಲೀಂ ಅಲಿ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಗಂಟಲಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ್ದೇ ಅವರ ಬದುಕಿನ ತಿರುವಾಯಿತು. ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿ ಬಿದ್ದುದರ ಹೆಸರನ್ನೇ ಇಟ್ಟರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದವರು ಕಾವೇರಿಯ ನಡುಗಡ್ಡೆಗಳನ್ನು ಕಂಡು ಒತ್ತಾಯಿಸಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮ ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿದವರು. ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಕಾದು ಕೂತರು. ಅವರ ಚಿತ್ರಗಳನ್ನು ನೋಡಿ ಹಕ್ಕಿಯ ಹೆಸರು ಕಲಿತ ಕನ್ನಡಿಗರು ಎಷ್ಟೋ ಮಂದಿ. ನಮ್ಮದೇ ಜಿಲ್ಲೆಯ ಅಂಕಸಮುದ್ರದ ಕೆರೆಯಲ್ಲಿ ಜಾಲಿ ಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆಗಳಿಂದಾಗಿ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ನೋಡುವವರು ಯಾರೂ ಇಲ್ಲದಿದ್ದರೆ ಉಳಿಸುವವರೂ ಇರುವುದಿಲ್ಲ ಎಂಬ ಗೆಳೆಯರ ವಾದವನ್ನು ನಾವು ಒಪ್ಪುತ್ತೇವೆ.

ಆದರೆ ಆ ವಾದವನ್ನೇ ಎಲ್ಲದಕ್ಕೂ ಗುರಾಣಿ ಮಾಡಿಕೊಳ್ಳುವುದನ್ನು ಒಪ್ಪಲಾರೆವು. ಹಂಪಿಯ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಚಿತ್ರಕ್ಕಾಗಿ ಮೊಬೈಲಿನಲ್ಲಿ ಅದರದೇ ಕೂಗು ಹಾಕಿ ಕಾಯುವವರನ್ನು ಕಂಡಿದ್ದೇವೆ. ತನ್ನ ಜಾಗಕ್ಕೆ ಬೇರೊಂದು ಗಂಡು ಬಂದಿದೆ ಎಂದು ತಿಳಿದು ಅದು ಗೂಡಿನ ಕೆಲಸ ಬಿಟ್ಟು ಇಲ್ಲದ ವೈರಿಯೊಡನೆ ಜಗಳಕ್ಕೆ ಬರುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಕೂಗು ಹಾಕುತ್ತಾರೆ. ಇದರಿಂದ ಯಾವ ಹಕ್ಕಿ ಉಳಿಯುತ್ತದೆ?

ಬಲೆ ಹಾಕುವ ಬಡವನನ್ನು ಕಂಡರೆ ನಾವು ಕಟುಕ ಎನ್ನುತ್ತೇವೆ. ಬಿಹಾರದ ಮೀರ್ ಶಿಕಾರ್ ಎಂಬ ಮುಸ್ಲಿಂ ಸಮುದಾಯದವರು ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕಿದವರು. ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅರಿಯುವ ಕೆಲಸಕ್ಕೆ ವಿಜ್ಞಾನಿಗಳು ನೆಚ್ಚಿದ್ದು ಅವರದೇ ಕೈಚಳಕವನ್ನು. ನಮ್ಮ ನಾಡಿನ ಹಕ್ಕಿಪಿಕ್ಕಿಗಳ ಕಥೆಯೂ ಹೆಸರಿನಲ್ಲೇ ಇದೆ. ಕಾನೂನು ಬಂದ ಮೇಲೆ ಅವರ ಕಸುಬು ಅಪರಾಧವಾಯಿತು. ಅದೇ 1972ರ ವನ್ಯಜೀವಿ ಕಾಯ್ದೆ ‘ಬೇಟೆ’ ಎಂಬ ಮಾತಿಗೆ ಕೊಟ್ಟ ವಿವರಣೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಮಾಡುವುದೂ ಸೇರಿದೆ. ಹಸಿದವನ ಬಲೆ ಮತ್ತು ಹೊಟ್ಟೆ ತುಂಬಿದವರ ಲೆನ್ಸು ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬಲೆಯವನಿಗೆ ಹಸಿವು ಎಂಬ ಒಂದು ಉತ್ತರವಾದರೂ ಇತ್ತು. ಆಟಕ್ಕಾಗಿ ಕೊಂದ ಗುಬ್ಬಿ ಕಿಯಾಮತ್ತಿನ ದಿನ ಅಲ್ಲಾಹನ ಮುಂದೆ ದೂರು ಹೇಳುತ್ತದೆ ಎಂಬ ಹದೀಸ್ ನಸಾಯಿಯಲ್ಲಿದೆ. ಅಲ್ಲಿ ನಮ್ಮ ಉತ್ತರ ಏನು? ಬೆಳಕು ಚೆನ್ನಾಗಿತ್ತು ಎಂದೇ?

ಈಗಲೂ ನಾವು ಹೋಗುತ್ತೇವೆ. ವಸಂತದ ಆ ಎರಡು ತಾಸು ಇಲ್ಲದೆ ಬದುಕಲು ನಮಗೆ ಬರುವುದಿಲ್ಲ. ಅಲ್ಲಾಹನು ಮಾಡಿದ್ದನ್ನು ನೋಡಿ ಸಂತೋಷಪಡುವುದು ಕೃತಜ್ಞತೆಯ ಒಂದು ರೀತಿ ಎಂದೇ ನಂಬಿದ್ದೇವೆ. ಆದರೆ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಗೂಡಿನ ಚಿತ್ರ ತೆಗೆಯುವುದಿಲ್ಲ. ಕೂಗು ಹಾಕಿ ಕರೆಯುವುದಿಲ್ಲ. ಗೂಡಿರುವ ಜಾಗವನ್ನು ಯಾರಿಗೂ ಹೇಳುವುದಿಲ್ಲ. ಎಲೆಯನ್ನಾಗಲಿ ಮುಳ್ಳನ್ನಾಗಲಿ ಸರಿಸುವುದಿಲ್ಲ. ಇವೆಲ್ಲಕ್ಕೂ ಮೂಲವಾಗಿ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ. ನಾವು ಬಂದಾಗ ಹಕ್ಕಿ ಏನು ಮಾಡುತ್ತಿತ್ತೋ, ನಾವು ಹೋಗುವಾಗಲೂ ಅದನ್ನೇ ಮಾಡುತ್ತಿರಬೇಕು. ಹಕ್ಕಿ ಅನುಮತಿ ಕೊಡುವುದು ಅದೊಂದೇ ಭಾಷೆಯಲ್ಲಿ.

ಹೋದ ವಸಂತದಲ್ಲಿ ಕೆರೆಯ ಬಯಲಿನಲ್ಲಿ ನಡೆಯುತ್ತಿದ್ದಾಗ ಒಂದು ಟಿಟ್ಟಿಭ ನಮ್ಮ ತಲೆಯ ಮೇಲೆ ಹಾರಿ ಕೂಗತೊಡಗಿತು. ಅದು ಗೂಡು ಕಟ್ಟುವ ಹಕ್ಕಿಯಲ್ಲ. ಬರಿ ನೆಲದ ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ ಇಟ್ಟು ಕಾಯುತ್ತದೆ. ಬಿಸಿಲು ಹೆಚ್ಚಾದರೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಆ ದೃಶ್ಯದ ಒಂದು ಚಿತ್ರಕ್ಕಾಗಿ ನಾವು ಎಷ್ಟೋ ವರ್ಷ ಕಾದಿದ್ದೆವು. ಹಕ್ಕಿಯ ಗರಿ ತೋಯ್ದಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ನಾವು ಅಲ್ಲಿ ನಿಂತಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿನಲ್ಲಿದ್ದವು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಬ್ಬರು ಕ್ಯಾಮೆರಾವನ್ನು ಅರ್ಧ ಎತ್ತಿ ಇಳಿಸಿದರು. ಬಂದ ದಾರಿಯಲ್ಲೇ ಹಿಂದಿರುಗಿದೆವು. ಕೆರೆಯ ಏರಿಯ ಮೇಲೆ ನಿಂತು ತಿರುಗಿ ನೋಡಿದಾಗ ಕೂಗು ನಿಂತಿತ್ತು. ಹಕ್ಕಿ ಎಲ್ಲಿ ಕೂತಿತು ಎಂಬುದು ಕಾಣಲಿಲ್ಲ.

ಆ ಹಳೆಯ ಕ್ಯಾಲೆಂಡರ್ ಊರಿನ ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಏಪ್ರಿಲ್ ಹಾಳೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವರಿದ್ದಾರೆ. ಹೋದಾಗೆಲ್ಲ, ಎಷ್ಟು ಚೆಂದದ ಫೋಟೋ ತೆಗೆದಿರಿ ಎನ್ನುತ್ತಾರೆ. ಇಷ್ಟು ದಿನ ನಾವು ಸುಮ್ಮನೆ ತಲೆಯಾಡಿಸಿ ಚಹಾ ಕುಡಿದು ಬರುತ್ತಿದ್ದೆವು. ಇನ್ನು ಮೇಲೆ ಆ ದಾರದ ವಿಷಯವನ್ನೂ ಹೇಳಬೇಕೆಂದಿದ್ದೇವೆ. ಮೊದಲು ಇಲ್ಲಿ ಹೇಳಿದ್ದೇವೆ.